ಆರತಿ ತಟ್ಟೆಯ ಇನ್ನೊಂದು ತುದಿ

ನನ್ನ ಓದು ನಿಂತಿದ್ದು 1976ರಲ್ಲಿ, ಏಳನೇ ಕ್ಲಾಸಿನ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ. ಬಡತನ ಬಿಡಿಸಿತು, ಅಪ್ಪ ಬಿಡಿಸಿದ ಅಂತೆಲ್ಲ ನಾನು ಕತೆ ಹೇಳುವವನಲ್ಲ. ರಜೆಯಲ್ಲಿ ನಮ್ಮಪ್ಪ ಮಗ್ಗದ ಪಕ್ಕ ನಿಲ್ಲಿಸಿದ, ನನಗೆ ಅದು ಹಿಡಿಸಿಬಿಟ್ಟಿತು. ಶಾಲೆಯಲ್ಲಿ ವರ್ಷವಿಡೀ ಕೂತರೂ ಕೈಗೆ ಸಿಗುವಂಥದ್ದು ಏನೂ ಇರುತ್ತಿರಲಿಲ್ಲ. ಇಲ್ಲಿ ಸಂಜೆ ಹೊತ್ತಿಗೆ ಬಟ್ಟೆ ಮುಂದೆ ಸುತ್ತಿಕೊಂಡು ಬಿದ್ದಿರುತ್ತಿತ್ತು, ಮುಟ್ಟಿ ನೋಡಬಹುದಿತ್ತು. ಶಾಲೆ ಶುರುವಾದ ಮೇಲೆ ಮೇಷ್ಟ್ರು ಮನೆತನಕ ಬಂದು ಕೇಳಿದರು. "ಮಗ್ಗ ನಿಲ್ಲಿಸಿ ಬರಕ್ಕಾಗಲ್ಲ ಸಾರ್" ಅಂದೆ. ಅವರು ಕಾಫಿ ಕುಡಿದು ಹೋದರು. ದೊಡ್ಡಬಳ್ಳಾಪುರದಲ್ಲಿ ನಮ್ಮ ಬೀದಿಯವರಿಗೆ ಇದೊಂದು ಸುದ್ದಿಯೇ ಅಲ್ಲ. ಆಮೇಲೆ ಪೇಪರ್ ಓದಿ ಓದಿ ಅಕ್ಷರ ಉಳಿಸಿಕೊಂಡೆ. ಇದನ್ನು ಬರೆಯುತ್ತಿರುವುದೂ ನಾನೇ, ಇನ್ನೊಬ್ಬರ ಕೈಯಲ್ಲಿ ಬರೆಸುತ್ತಿಲ್ಲ.

ಬರೆಯಬೇಕು ಅನ್ನಿಸಿದ್ದು ನನ್ನ ಹೆಂಡತಿಯ ಕಣ್ಣಿನ ಬಗ್ಗೆ. ಮದುವೆಯಾಗಿ ಬಂದಾಗಿನಿಂದ ಅವಳು ನಮ್ಮ ಮಗ್ಗಗಳಿಗೆ ಕಂಡಿಕೆ ಸುತ್ತಿದವಳು. ಮಗ್ಗದಲ್ಲಿ ಎಡಕ್ಕೂ ಬಲಕ್ಕೂ ಓಡುವ ಲಾಳಿಯ ಹೊಟ್ಟೆಯೊಳಗೆ ಕೂರುವ ನೂಲಿನ ಸಣ್ಣ ಕೊಳವೆಗೆ ನಾವು ಕಂಡಿಕೆ ಅನ್ನುತ್ತೇವೆ. ಅದು ಮುಗಿದರೆ ಮಗ್ಗ ಬರೀ ಸದ್ದು ಮಾಡುತ್ತದೆ, ಬಟ್ಟೆ ಬೆಳೆಯುವುದಿಲ್ಲ. ಅಡುಗೆಮನೆಯಿಂದ ಮಗ್ಗದ ಕೋಣೆಗೆ ಕಾಫಿ ತರುವಾಗಲೇ ಅವಳ ಕಣ್ಣು ನಾಲ್ಕೂ ಮಗ್ಗದ ಮೇಲೆ ಓಡಿಬರುತ್ತಿತ್ತು. "ರೀ, ಆ ಕಡೇದರಲ್ಲಿ ಅಂಚಿನ ಹತ್ರ ಎಳೆ ಹೋಗಿದೆ ನೋಡಿ" ಅನ್ನುತ್ತಿದ್ದಳು. ನಾನು ಎದುರಿಗೇ ನಿಂತಿರುತ್ತಿದ್ದೆ, ನನಗೆ ಕಂಡಿರುತ್ತಿರಲಿಲ್ಲ. "ಇಲ್ಲ ಕಣೇ" ಅಂತ ಬಗ್ಗಿ ನೋಡಿದರೆ ಎಳೆ ಹೋಗಿಯೇ ಇರುತ್ತಿತ್ತು.

ಅಂಥವಳು ಸಾರನ್ನು ತಟ್ಟೆಯ ಆಚೆಗೆ ಬಡಿಸಲು ಶುರುಮಾಡಿದಳು. ಮೆಟ್ಟಿಲಿಳಿಯುವಾಗ ಕಾಲಲ್ಲಿ ತಡಕುತ್ತಿದ್ದಳು, ನೀರಿನ ಆಳ ನೋಡುವವರ ಹಾಗೆ. ಕನ್ನಡಕ ಬದಲಾಯಿಸಿದೆವು, ಪ್ರಯೋಜನವಾಗಲಿಲ್ಲ, ಮತ್ತೆ ಬದಲಾಯಿಸಿದೆವು. ಆಮೇಲೆ ಬೀಳತೊಡಗಿದಳು. ಎಡವಿ ಮುಂದಕ್ಕೆ ಬೀಳುವವರನ್ನು ನೋಡಿದ್ದೇನೆ. ಇವಳು ನಿಂತಲ್ಲೇ ಬೆನ್ನು ಕೆಳಗಾಗಿ ಹಿಂದಕ್ಕೆ ಹೋಗುತ್ತಿದ್ದಳು, ಒರಗಿಸಿಟ್ಟ ಹಲಗೆ ಜಾರುವ ಹಾಗೆ.

"ಯಾಕೆ ಬಿದ್ದೆ?" ಅಂತ ಕೇಳಿದರೆ, "ನಾನೆಲ್ಲಿ ಬಿದ್ದೆ? ಗೋಡೆ ಹಿಂದಕ್ಕೆ ಹೋಯ್ತು" ಅನ್ನುತ್ತಿದ್ದಳು.

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ತಲೆಯ ಫೋಟೋ ತೆಗೆದ ಮೇಲೆ ಡಾಕ್ಟರು ಕೂರಿಸಿಕೊಂಡು ಬಿಡಿಸಿ ಹೇಳಿದರು. "ಪಾರ್ಕಿನ್ಸನ್ ಅಂತ ಕೇಳಿದೀರಲ್ಲ, ಇದು ಅದರ ದಾಯಾದಿ. ಕಣ್ಣುಗುಡ್ಡೇಲಿ ಏನೂ ತೊಂದ್ರೆ ಇಲ್ಲ. ಕಣ್ಣನ್ನ ಮೇಲೆ ಕೆಳಗೆ ಆಡಿಸೋ ಜಾಗ, ಮೈ ಬ್ಯಾಲೆನ್ಸ್ ಹಿಡಿಯೋ ಜಾಗ, ಅವು ಮಿದುಳಲ್ಲಿ ಸವೀತಾ ಬರ್ತಿವೆ. ವಾಸಿ ಮಾಡೋ ಔಷಧ ಇಲ್ಲ. ಆದ್ರೆ ಅಭ್ಯಾಸ ಮಾಡಿದ್ರೆ ಬೀಳೋದು ಕಮ್ಮಿ ಆಗುತ್ತೆ, ಇರೋ ಶಕ್ತೀನ ಒಂದಷ್ಟು ಕಾಲ ಉಳಿಸ್ಕೋಬೋದು."

ವಾಪಸ್ ಬರುವಾಗ ಬಸ್ಸು ಯಲಹಂಕ ದಾಟಿತು. ಆಮೇಲೆ ಅವಳೇ ಅಂದಳು: "ದಾಯಾದಿ ಅಂದ್ರಲ್ಲ. ಹಂಗಾದ್ರೆ ಪಾಲು ಇಸ್ಕೊಳ್ದೆ ಹೋಗಲ್ಲ ಬಿಡಿ."

ನಾನು ಬಸ್ಸಿನಲ್ಲೇ ನಕ್ಕುಬಿಟ್ಟೆ. ಮುಂದಿನ ಸೀಟಿನವರು ತಿರುಗಿ ನೋಡಿದರು.

ನಮ್ಮೂರಿನಲ್ಲೇ, ಹಳೇ ಬಸ್ ಸ್ಟ್ಯಾಂಡ್ ಹಿಂದೆ, ಒಂದು ಮೆಡಿಕಲ್ ಸ್ಟೋರಿನ ಮಗ್ಗುಲಲ್ಲಿ ಫಿಸಿಯೋಥೆರಪಿ ಮಾಡುವ ಹೆಣ್ಣುಮಗಳೊಬ್ಬಳಿದ್ದಳು. ಅನುಗೊಂಡನಹಳ್ಳಿ ಕಡೆಯವಳು, ಬೇಸಾಯಗಾರರ ಮನೆ. ಮೊದಲ ದಿನವೇ ನನ್ನ ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ, ತನ್ನ ಹೆಬ್ಬೆರಳು ಎತ್ತಿ ಹಿಡಿದಳು.

"ಅಮ್ಮಾ, ತಲೆ ಅಲ್ಲಾಡಿಸ್ಬೇಡಿ. ಬರೀ ಕಣ್ಣು. ನನ್ನ ಬೆರಳು ಹೋದ ಕಡೆ ಬನ್ನಿ."

ಬೆರಳು ಎಡಕ್ಕೆ ಹೋಯಿತು, ಕಣ್ಣು ಹೋಯಿತು. ಬಲಕ್ಕೆ ಬಂತು, ಕಣ್ಣೂ ಬಂತು.

"ಸೂಪರ್ ಅಮ್ಮಾ!"

"ಲಾಳಿ ನೋಡಿದ ಕಣ್ಣು ಕಣಮ್ಮಾ ಇದು. ಎಡ ಬಲ ಇದಕ್ಕೆ ಹೇಳ್ಕೊಡ್ಬೇಕಾ?"

ಬೆರಳು ಕೆಳಗಿಳಿಯಿತು. ಕಣ್ಣು ಅಲ್ಲೇ ನಿಂತಿತು. ಅವಳು ಹುಬ್ಬು ಗಂಟಿಕ್ಕಿ, ತುಟಿ ಕಚ್ಚಿ, ಕುರ್ಚಿಯ ಕೈ ಬಿಗಿಹಿಡಿದು ಪ್ರಯತ್ನಪಟ್ಟಳು. ಗುಡ್ಡೆ ಕದಲಲಿಲ್ಲ.

"ನೀನು ಇಳಿದೋದೆ. ನಾನು ಇಲ್ಲೇ ಉಳ್ಕೊಂಡೆ" ಅಂದಳು.

ಆ ಹುಡುಗಿ ಬೇಸರ ಮಾಡಿಕೊಳ್ಳಲಿಲ್ಲ. ಈ ಸಲ ಬೆರಳನ್ನು ಕಣ್ಣಿನ ಮಟ್ಟಕ್ಕೆ ತಂದು, ತೀರಾ ನಿಧಾನವಾಗಿ, ದಾರದಲ್ಲಿ ಇಳಿಬಿಟ್ಟ ಹಾಗೆ ಇಳಿಸಿದಳು. ಗುಡ್ಡೆ ಒಂದು ಕೂದಲಷ್ಟು ಕೆಳಗೆ ಬಂದು ನಿಂತಿತು. "ನೋಡಿದ್ರಾ ಅಂಕಲ್? ತಟ್ಟಂತ ಕೆಳಗೆ ನೋಡಿ ಅಂದ್ರೆ ಆಗಲ್ಲ. ಮೆಲ್ಲಗೆ ಕರ್ಕೊಂಡು ಹೋದ್ರೆ ಒಂಚೂರು ಬರುತ್ತೆ. ನಾವು ಆ ಒಂಚೂರನ್ನ ಹಿಡ್ಕೊಂಡು ಕೆಲ್ಸ ಮಾಡೋಣ."

ನನಗೆ ಆ ಮಾತು ಒಪ್ಪಿತು. ನಮ್ಮ ಕಸುಬೂ ಅಷ್ಟೇ, ಒಂದೊಂದು ಎಳೆಯ ಲೆಕ್ಕ.

ಆ ತಿಂಗಳಲ್ಲೇ ಮಗಳ ಫೋನು ಬಂತು. ನಮಗಿರುವುದು ಒಬ್ಬಳೇ ಮಗಳು, ಸೂಲಿಬೆಲೆಗೆ ಕೊಟ್ಟಿದ್ದೇವೆ. ಅವರದು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಮನೆ, ಅಳಿಯ ಏರ್‌ಪೋರ್ಟಿಗೆ ಕ್ಯಾಬ್ ಓಡಿಸುತ್ತಾನೆ. ಮದುವೆಯಾಗಿ ಎಷ್ಟೋ ವರ್ಷ ಕಾದ ಮೇಲೆ ಅವಳು ಬಸಿರಾಗಿದ್ದಳು. ಫೋನಿನಲ್ಲಿ ಅಮ್ಮ ಮಗಳು ಇಬ್ಬರೂ ಅತ್ತರು, ನಕ್ಕರು, ಕೊನೆಗೆ ಏಳನೇ ತಿಂಗಳಲ್ಲಿ ಸೀಮಂತ ಅಂತ ಮಾತಾಯಿತು. ಫೋನ್ ಇಟ್ಟವಳೇ ನನ್ನ ಹೆಂಡತಿ ಹೇಳಿದಳು:

"ಆರತಿ ನಾನೇ ಎತ್ತೋದು."

ನಮ್ಮಲ್ಲಿ ಸೀಮಂತಕ್ಕೆ ಮೊದಲ ಆರತಿ ಹೆತ್ತ ತಾಯಿಯದು. ಅದಾದ ಮೇಲೆ ಉಳಿದವರದು. ಅದು ನನಗೂ ಗೊತ್ತಿತ್ತು. ಆದರೆ ನನ್ನ ಕಣ್ಣಿಗೆ ಕಟ್ಟಿದ್ದೇ ಬೇರೆ. ಕೈಯಲ್ಲಿ ಉರಿಯುವ ದೀಪ, ಮೈಮೇಲೆ ರೇಷ್ಮೆ ಸೀರೆ, ಎದುರಿಗೆ ತುಂಬು ಬಸುರಿ, ಇವಳು ನಿಂತಲ್ಲೇ ಜಾರುವವಳು.

"ಬೇಡ ಕಣೇ. ನಿನ್ನ ತಂಗಿ ಎತ್ತಲಿ. ನೀನು ಪಕ್ಕದಲ್ಲಿ ಕೂತಿರು, ಮಹಾರಾಣಿ ಥರ."

"ನನ್ನ ತಂಗಿ ಹೆತ್ತಳಾ?"

"ದೀಪ ಅದು, ಕಂಡಿಕೆ ಅಲ್ಲ."

"ಅವಳನ್ನ ಒಂದ್ಸಲ ಮೇಲಿಂದ ಕೆಳಗೆ ಕಣ್ತುಂಬ ನೋಡ್ಬೇಕು ರೀ, ಹೊಟ್ಟೆ ಇರೋವಾಗ. ವಿಡಿಯೋ ಕಾಲಲ್ಲಿ ಮೂಗಿನ ತನಕ ಕಾಣಿಸ್ತಾಳೆ ಅಷ್ಟೆ."

ಫಿಸಿಯೋ ಹುಡುಗಿಯ ಮುಂದೆ ಪಂಚಾಯ್ತಿ ಇಟ್ಟೆ. ಅವಳು ನನ್ನ ಕಡೆಯೂ ಆಗಲಿಲ್ಲ, ಇವಳ ಕಡೆಯೂ ಆಗಲಿಲ್ಲ. "ಗುರಿ ಒಂದಿದ್ರೆ ಅಭ್ಯಾಸ ಬಿಡಲ್ಲ ಅಂಕಲ್. ಏಳನೇ ತಿಂಗಳವರೆಗೂ ಟೈಮಿದೆ. ಆ ವಾರ ನಾನು ಪರೀಕ್ಷೆ ಮಾಡ್ತೀನಿ. ಬೇಡ ಅಂದ್ರೆ ಬೇಡ, ಅಮ್ಮ ತಕರಾರು ಮಾಡಂಗಿಲ್ಲ. ಸರಿ ಅಂದ್ರೆ ನೀವು ಮಾಡಂಗಿಲ್ಲ." ಇಬ್ಬರೂ ಒಪ್ಪಿದೆವು. ಏಳನೇ ಕ್ಲಾಸಿನ ನಂತರ ನನ್ನ ಪಾಲಿಗೆ ಬಂದ ಪರೀಕ್ಷೆ ಅದೊಂದೇ.

ಅವತ್ತಿನಿಂದ ಮನೆ ಮನೆಯಾಗಿ ಉಳಿಯಲಿಲ್ಲ, ಗರಡಿಯಾಯಿತು. ಎರಡು ಗೋಡೆ ಸೇರುವ ಮೂಲೆಯಲ್ಲಿ ಅವಳನ್ನು ಬೆನ್ನು ಹಾಕಿ ನಿಲ್ಲಿಸಿ, ಮುಂದೆ ಭಾರದ ಕುರ್ಚಿ ಇಟ್ಟು, ತೂಕ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬದಲಿಸುವುದು. ಹಿಂದಕ್ಕೆ ವಾಲಿದರೆ ಕೈ ಚಾಚುವ ಬದಲು ಒಂದು ಹೆಜ್ಜೆ ಹಿಂದಕ್ಕಿಟ್ಟು ನಿಲ್ಲುವುದು. ತಿರುಗುವಾಗ ನಿಂತಲ್ಲೇ ಗಿರಕ್ಕನೆ ತಿರುಗದೆ ಅಗಲವಾಗಿ ಸುತ್ತು ಹಾಕಿ ಬರುವುದು.

"ಲಾರಿ ತಿರುಗಿಸ್ತೀವಲ್ಲ, ಹಂಗೆ" ಅಂತ ನಾನು ವಿವರಿಸಿದೆ.

"ನಾನು ಲಾರಿ, ನೀವು ಕ್ಲೀನರ್. ಬರ್ಲಿ ಬರ್ಲಿ ಅಂತ ಕೂಗ್ತಾ ಇರಿ" ಅಂದಳು. ಅವತ್ತಿನಿಂದ ತಿರುಗುವಾಗಲೆಲ್ಲ ನಾನು "ಬರ್ಲಿ, ಬರ್ಲಿ, ರೈಟ್" ಅನ್ನಬೇಕಾಯಿತು.

ಕಣ್ಣಿನ ಅಭ್ಯಾಸಕ್ಕೆ ನಾನೇ ಒಂದು ಸಾಧನ ಮಾಡಿದೆ. ಕಿಟಕಿಯ ಸರಳಿನಿಂದ ಒಂದು ಕೆಂಪು ಕಂಡಿಕೆ ಇಳಿಬಿಟ್ಟು, ದಾರ ಸಡಿಲಿಸಿದರೆ ಅದು ಕಣ್ಣ ಮುಂದೆ ಮೆಲ್ಲಗೆ ಕೆಳಗಿಳಿಯುವ ಹಾಗೆ. ಮೊದಮೊದಲು ಅವಳ ಕಣ್ಣು ಗಲ್ಲದ ಮಟ್ಟಕ್ಕೂ ಬರುತ್ತಿರಲಿಲ್ಲ. ಬರಬರುತ್ತಾ ಕೆಲವು ದಿನ ಬರುತ್ತಿತ್ತು, ಕೆಲವು ದಿನ ಇಲ್ಲ. ಬಂದ ದಿನ ಅವಳು ಮೂರೂ ಹೊತ್ತು ಹಾಡಿಕೊಳ್ಳುವಳು. ಊಟದ ತಟ್ಟೆಯನ್ನು ಮಣೆಯ ಮೇಲೆ ಮಣೆ ಇಟ್ಟು ಎತ್ತರಿಸಿದೆವು. ಮುದ್ದೆ ಮತ್ತೆ ಅವಳ ಕಣ್ಣಿಗೆ ಬಿತ್ತು. "ಬಾರಪ್ಪಾ, ಎಲ್ಲೋಗಿದ್ದೆ ಇಷ್ಟು ದಿವ್ಸ?" ಅಂತ ಅದನ್ನು ಮಾತಾಡಿಸಿದಳು.

ತೊಡಕಾದದ್ದು ನಡಿಗೆಯಲ್ಲಿ. ನಡೆಯುತ್ತಾ ನಡೆಯುತ್ತಾ ಅಂಗಾಲಿಗೆ ಅಂಟು ಹಾಕಿದ ಹಾಗೆ ನಿಂತುಬಿಡುತ್ತಿದ್ದಳು. ಅದಕ್ಕೆ ಹುಡುಗಿ ಹೇಳಿದಳು: "ನೆಲದ ಮೇಲೆ ಅಡ್ಡಡ್ಡ ಗೆರೆ ಹಾಕಿ ಅಂಕಲ್, ದೂರದಿಂದ್ಲೇ ಎದ್ದು ಕಾಣ್ಬೇಕು. ಒಂದೊಂದೇ ಗೆರೆ ದಾಟ್ತಾ ಹೋಗ್ಲಿ. ಗೆರೆ ಇದ್ರೆ ಕಾಲು ತಾನೇ ಏಳುತ್ತೆ. ಬಣ್ಣದ ಟೇಪು ಸಾಕು."

ಟೇಪಂತೆ! ನೇಯುವವನ ಮನೆಯಲ್ಲಿ ಪ್ಲಾಸ್ಟಿಕ್ ಟೇಪು ಅಂಟಿಸಲೇ? ಮಗ್ಗದಲ್ಲಿ ಉಳಿದ ಕೆಂಪು ಹಾಸಿನ ನೂಲಿತ್ತು. ಉದ್ದಕ್ಕೆ ಎಳೆದು ಕಟ್ಟುವ ನೂಲಿಗೆ ಹಾಸು ಅನ್ನುತ್ತೇವೆ, ಅದೇ ಬಟ್ಟೆಯ ಬೆನ್ನೆಲುಬು. ಎಳೆಗಳನ್ನು ಪಟ್ಟಿ ಪಟ್ಟಿಯಾಗಿ ಜೋಡಿಸಿ, ಗಂಜಿ ಹಾಕಿ, ನಡುಮನೆಯಲ್ಲಿ ಗೋಡೆಯಿಂದ ಗೋಡೆಗೆ ಬಿಗಿದು ನೆಲಕ್ಕೆ ಅಂಟಿಸಿದೆ. ಒಂದು ಎಳೆ ಆಚೆ ಈಚೆ ಇಲ್ಲ. ಇಡೀ ಭಾನುವಾರ ಅದಕ್ಕೇ ಹೋಯಿತು. ಮುಗಿಸಿ, ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದೆ, ಏನೋ ಒಂದು ದೊಡ್ಡ ಸೀರೆಯನ್ನೇ ಮನೆಗೆ ಉಡಿಸಿದ ಹಾಗಿತ್ತು.

ಅವಳನ್ನು ಕರೆದೆ. ಅಡುಗೆಮನೆಯಿಂದ ಚೆನ್ನಾಗೇ ನಡೆದು ಬಂದಳು. ಮೊದಲನೇ ಗೆರೆಯ ಮುಂದೆ ಗಕ್ಕನೆ ನಿಂತಳು.

"ದಾಟು."

"ಊಹ್ಞೂಂ."

"ಕಾಲು ಬರ್ತಿಲ್ವಾ?"

"ಕಾಲು ಬರುತ್ತೆ. ನಾನು ದಾಟಲ್ಲ."

"ಯಾಕೇ?"

"ಹಾಸು ಕಟ್ಟಿದೀರ. ಹಾಸು ದಾಟ್ತಾರೇನ್ರೀ ಯಾರಾದ್ರೂ?"

ನಾವು ಚಿಕ್ಕವರಿದ್ದಾಗ ಬೀದಿಯುದ್ದಕ್ಕೂ ಹಾಸು ಕಟ್ಟುತ್ತಿದ್ದರು. ಆ ಕಡೆ ಮನೆಗೆ ಹೋಗಬೇಕಾದರೆ ಇಡೀ ಬೀದಿ ಸುತ್ತಿಕೊಂಡು ಹೋಗುತ್ತಿದ್ದೆವು, ಹಾಸು ದಾಟಿದ ಮಕ್ಕಳಿಗೆ ಬೆನ್ನಿಗೆ ಬೀಳುತ್ತಿತ್ತು. ನಾನೇ ನಮ್ಮ ಮಗ್ಗದ ಕೋಣೆಯಲ್ಲಿ ಇವತ್ತಿಗೂ ದಾಟುವುದಿಲ್ಲ. ಕಾಯಿಲೆ ಹಿಡಿದ ಕಾಲನ್ನು ಎಬ್ಬಿಸಲು ಅಂತ ಗೆರೆ ಹಾಕಲು ಹೋಗಿ, ಗಟ್ಟಿಮುಟ್ಟಾದ ಕಾಲೂ ಏಳದಂಥ ಗೆರೆ ಹಾಕಿಬಿಟ್ಟಿದ್ದೆ. ಸುತ್ತಿಕೊಂಡು ಹೋಗೋಣವೆಂದರೆ ಗೋಡೆಯಿಂದ ಗೋಡೆಗೆ ಕಟ್ಟಿದ್ದೇನೆ. ಅವಳು ಅಡುಗೆಮನೆಯ ಕಡೆ, ನಾನು ಬಾಗಿಲ ಕಡೆ, ನಡುವೆ ಹಾಸು. ಇಬ್ಬರೂ ದಾಟಲಾರದೆ ನಿಂತು ನಗತೊಡಗಿದೆವು. ಕೊನೆಗೆ ನಾನು ಹಿತ್ತಲಿಂದ ಸುತ್ತಿ ಬಂದು ಅವಳಿಗೆ ಕೈಕೊಟ್ಟೆ.

"ಹೊಸಿಲು ಬರೀರಿ" ಅಂದಳು ಅವಳೇ, ಕಣ್ಣೊರೆಸಿಕೊಳ್ಳುತ್ತಾ. "ಹೊಸಿಲು ಯಾರೂ ತುಳಿಯಲ್ಲ, ಎಲ್ರೂ ದಾಟ್ತಾರೆ."

ಎಳೆಯೆಲ್ಲ ಕಿತ್ತು, ಅವು ಇದ್ದಲ್ಲೆಲ್ಲ ಹೊಸಿಲಿನ ಅಗಲಕ್ಕೆ ಹಳದಿ ಬಣ್ಣ ಬಳಿದು, ಅದರ ಮೇಲೆ ಕೆಂಪು ಪಟ್ಟೆ ಎಳೆದೆ. ಬರೀ ಬಣ್ಣ, ಎಡವಲು ಏನೂ ಇಲ್ಲ. ಒಣಗುವುದನ್ನೇ ಕಾಯುತ್ತಿದ್ದವಳು, ಮೊದಲನೆಯದರ ಹತ್ತಿರ ಬಂದು, ಬಲಗಾಲು ಚೆನ್ನಾಗಿ ಮೇಲೆತ್ತಿ ದಾಟಿದಳು. ಆಮೇಲೆ ಇನ್ನೊಂದು. ಹೀಗೇ ದಾಟುತ್ತಾ ದಾಟುತ್ತಾ ಮಗ್ಗದ ಕೋಣೆಯ ಬಾಗಿಲಿಗೇ ಹೋಗಿ ನಿಂತಳು. ಹೊಸ ಸೊಸೆ ಮನೆ ತುಂಬುವಾಗಲೂ ಅಷ್ಟು ಮುತುವರ್ಜಿಯಿಂದ ಕಾಲಿಡುವುದಿಲ್ಲ. ಮುಂದಿನ ವಾರ ಫಿಸಿಯೋ ಹುಡುಗಿ ಮನೆಗೇ ಬಂದು ನೋಡಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಳು. "ಇನ್ನೊಬ್ರು ಅಜ್ಜಿಗೂ ಇದನ್ನೇ ಹೇಳ್ತೀನಿ ಅಂಕಲ್. ಅವರದ್ದೂ ಇದೇ ಪ್ರಾಬ್ಲಂ."

"ಹಾಸಿನ ವಿಷ್ಯ ಹೇಳ್ಬೇಡ ತಾಯಿ" ಅಂದೆ.

ಇಷ್ಟಾದ ಮೇಲೆ ಆರತಿಯ ಅಭ್ಯಾಸ. ಆರತಿ ತಟ್ಟೆಯನ್ನು ನಮ್ಮಲ್ಲಿ ಒಬ್ಬರೇ ಹಿಡಿಯುವುದಿಲ್ಲ. ಇಬ್ಬರು ಮುತ್ತೈದೆಯರು ಆಚೆಗೊಬ್ಬರು ಈಚೆಗೊಬ್ಬರು ನಿಂತು, ಒಂದೇ ತಟ್ಟೆಯ ಎರಡು ತುದಿ ಹಿಡಿದು ಬೆಳಗಬೇಕು. ದಿನಾ ದಿನಾ ಅದಕ್ಕೆ ಇನ್ನೊಬ್ಬಳು ಮುತ್ತೈದೆಯನ್ನು ಎಲ್ಲಿಂದ ತರಲಿ? ನಾನೇ ನಿಂತೆ. ಕುರ್ಚಿಯ ಮೇಲೆ ನೂಲಿನ ಮೂಟೆ ಇಟ್ಟು ಅದಕ್ಕೊಂದು ಟವೆಲ್ ಹೊದಿಸಿದೆವು, ಅದು ಮಗಳು. ಸ್ಟೀಲ್ ತಟ್ಟೆಯಲ್ಲಿ ದೀಪದ ಬದಲು ಕೆಂಪು ಕಂಡಿಕೆ. ಹಾಡು ಅವಳದೇ.

"ಮಗಳಿಗಿಂತ ಮೂಟೇನೇ ವಾಸಿ ರೀ. ಎದುರು ಮಾತಾಡಲ್ಲ" ಅನ್ನುತ್ತಿದ್ದಳು.

ಒಂದು ಸಂಜೆ ನಾವು ಹೀಗೆ ಮೂಟೆಗೆ ಆರತಿ ಬೆಳಗುತ್ತಿರುವಾಗ ಎದುರುಮನೆಯ ಗೆಳೆಯ ಬಾಗಿಲಲ್ಲಿ ಬಂದು ನಿಂತ. ಅವನದೂ ಮಗ್ಗವೇ, ಚಿಕ್ಕಂದಿನಿಂದ ಜೊತೆಯವನು. ನೋಡಿದ, ಕಣ್ಣುಜ್ಜಿಕೊಂಡು ಮತ್ತೆ ನೋಡಿದ.

"ಏನ್ ಗುರು, ಯಾವಾಗ ಮುತ್ತೈದೆ ಆದೆ? ನಮಗೊಂದು ಮಾತು ಹೇಳ್ಲೇ ಇಲ್ಲ!"

ನನ್ನ ಕೈ ಅಲ್ಲೇ ನಿಂತಿತು. ಹೆಂಡತಿ ನಿಲ್ಲಿಸಲಿಲ್ಲ, ತಟ್ಟೆ ಅವಳ ಕಡೆಯಿಂದ ತಿರುಗುತ್ತಲೇ ಇತ್ತು. "ಶುಕ್ರವಾರ ನಿಮ್ಮನೇಗೆ ಅರಿಶಿನ ಕುಂಕುಮಕ್ಕೆ ಕರೀರಿ ಅಣ್ಣಾ. ಕಳಿಸಿಕೊಡ್ತೀನಿ."

"ಬಳೆ ಸೈಜ್ ಎಷ್ಟಮ್ಮಾ ಇವನದು?"

"ಲೇ, ನೀನು ನಿನ್ನ ಹೆಂಡ್ತಿ ಜೊತೆ ಯಾವತ್ತಾದ್ರೂ ಒಂದು ತಟ್ಟೆ ಹಿಡಿದಿದೀಯೇನೋ?" ಅಂದೆ ನಾನು, ರೇಗಿ.

"ಹಿಡಿದಿದೀನಲ್ಲ, ದಿನಾ. ಅವಳು ಬಡಿಸ್ತಾಳೆ, ನಾನು ಹಿಡಿದಿರ್ತೀನಿ."

ಮಾರನೆಯ ದಿನ ಇಡೀ ಬೀದಿಗೆ ಗೊತ್ತಾಯಿತು. ಹಾಲಿನ ಅಂಗಡಿಗೆ ಹೋದರೂ "ಬಾರಮ್ಮಾ ಮುತ್ತೈದೆ" ಅನ್ನುವರು. ನಾನು ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಆಗಲೂ ತಗ್ಗಿಸಲಿಲ್ಲ, ಬಾಗಿಲನ್ನೂ ಹಾಕಿಕೊಳ್ಳಲಿಲ್ಲ. ನೋಡುವವರು ನೋಡಲಿ ಅಂತ ತೆರೆದೇ ಇಟ್ಟು ಆರತಿ ಎತ್ತಿದೆ.

ಸೀಮಂತ ಹತ್ತಿರ ಬಂದಾಗ ಒಂದು ದಿನ ಅವಳು ಹುರುಪಿನಲ್ಲಿ ತಟ್ಟೆಯನ್ನು ತಲೆಯ ಮಟ್ಟಕ್ಕೆ ಎತ್ತಿದಳು. ಎತ್ತಿದ್ದೇ ಹಿಂದಕ್ಕೆ ಹೋದಳು. ನನ್ನ ಕೈಯಲ್ಲಿ ತಟ್ಟೆ ಉಳಿಯಿತು, ಅವಳು ಉಳಿಯಲಿಲ್ಲ. ಹಿಂದೆ ನೂಲಿನ ಚೀಲಗಳಿದ್ದವು, ಅದರ ಮೇಲೆ ಬಿದ್ದದ್ದರಿಂದ ಮೊಣಕೈ ತರಚಿತು ಅಷ್ಟೇ. ತಟ್ಟೆ ಅತ್ತ ಇಟ್ಟು ಅವಳನ್ನು ಎಬ್ಬಿಸಿ ಕೂರಿಸಿದೆ. "ಸಾಕು ಕಣೇ, ಇಲ್ಲಿಗೆ ಸಾಕು" ಅಂದೆ. ಅವಳು ಜಗಳಕ್ಕೆ ಬರಲಿಲ್ಲ. ಅದು ನನಗೆ ಇನ್ನೂ ಕಷ್ಟವಾಯಿತು. ಅವತ್ತು ರಾಗಿರೊಟ್ಟಿ ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟಳು.

ಪರೀಕ್ಷೆಯ ದಿನ ನಡೆದದ್ದನ್ನೆಲ್ಲ ಹುಡುಗಿಗೆ ಹೇಳಿದೆ. ಬೇಡ ಅನ್ನುತ್ತಾಳೆ ಅಂತಲೇ ನನ್ನ ನಂಬಿಕೆ. ಅವಳು ಅದೇ ತಟ್ಟೆ ತರಿಸಿ, ತಾನು ಇನ್ನೊಂದು ತುದಿ ಹಿಡಿದು, ಮತ್ತೆ ಮತ್ತೆ ಎತ್ತಿಸಿ ನೋಡಿದಳು. "ಕೈ ಮೇಲೆ ಹೋದಾಗ ಮೈ ಹಿಂದೆ ಹೋಗ್ತಿದೆ. ಎದೆಗಿಂತ ಮೇಲೆ ತಟ್ಟೆ ಹೋಗ್ಬಾರ್ದು ಅಮ್ಮಾ. ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ. ಸಣ್ಣ ಸುತ್ತು. ಬೆನ್ನ ಹಿಂದೆ ಒಬ್ರು ನಿಂತಿರ್ಬೇಕು, ಮುಟ್ಟಬಾರ್ದು, ಬಿದ್ರೆ ಮಾತ್ರ ಹಿಡೀಬೇಕು." ಹಾಗೆ ನಿಲ್ಲಿಸಿ ನೋಡಿದಳು. ನನ್ನ ಹೆಂಡತಿ ನಿಂತಳು. ಹುಡುಗಿ ಸಣ್ಣಗೆ ಬೆನ್ನಿಂದ ಎಳೆದು ನೋಡಿದಳು. ಇವಳು ಒಂದು ಹೆಜ್ಜೆ ಹಿಂದಿಟ್ಟು ಮತ್ತೆ ನಿಂತಳು.

"ಹೋಗ್ಬನ್ನಿ" ಅಂದಳು ಹುಡುಗಿ.

ನನ್ನ ಹೆಂಡತಿ ನನ್ನ ಕಡೆ ಅಗಲವಾಗಿ ತಿರುಗಿ, "ತಕರಾರು ಮಾಡಂಗಿಲ್ಲ" ಅಂದಳು.

ಅಳಿಯನೇ ಬಂದು ಕ್ಯಾಬಿನಲ್ಲಿ ಕರೆದುಕೊಂಡು ಹೋದ. ದೇವನಹಳ್ಳಿ ದಾಟುವಾಗ ವಿಮಾನವೊಂದು ತಲೆಯ ಮೇಲೇ ಇಳಿದು ಬಂತು. ಅವಳು ಅದನ್ನು ನೋಡಿ, "ಅದಕ್ಕೂ ನಿಧಾನಕ್ಕೆ ಇಳ್ಸು ಅಂತ ಯಾರೋ ಹೇಳಿರ್ಬೇಕು" ಅಂದಳು. ಅಳಿಯ ಸ್ಟೇರಿಂಗ್ ಹಿಡಿದೇ ನಕ್ಕ.

ಸೂಲಿಬೆಲೆಯ ಮನೆ ಮುಂದೆ ಶಾಮಿಯಾನ ಹಾಕಿದ್ದರು. ಒಳಗೆ ಹೆಂಗಸರ ಗದ್ದಲ, ಹೂವಿನ ವಾಸನೆ, ಪಕ್ಕದ ಕೊಟ್ಟಿಗೆಯಿಂದ ಹಸುವಿನದೊಂದು ಮಾತು. ಮಗಳು ಹಸಿರು ಸೀರೆ ಉಟ್ಟಿದ್ದಳು. ಆ ಸೀರೆ ನಾನೇ ನೇಯ್ದದ್ದು. ಅದರ ಅಂಚು ನೋಡಿ ಯಾರೋ "ಎಲ್ಲಿ ತಂದ್ರಿ?" ಅಂತ ಕೇಳಿದಾಗ ನಾನು ಎರಡು ಸಲ ಉತ್ತರ ಹೇಳಿದೆ, ಕೇಳಿಸಲಿಲ್ಲವೇನೋ ಅಂತ.

ಆಗ ನೋಡಿದೆ. ಮಗಳನ್ನು ಕೂರಿಸಿದ್ದು ಕುರ್ಚಿಯ ಮೇಲಲ್ಲ, ನೆಲದ ಮೇಲೆ ಹಾಕಿದ ಮಣೆಯ ಮೇಲೆ. ನಮ್ಮ ಕಡೆ ಕುರ್ಚಿ ಹಾಕುತ್ತೇವೆ, ಅವರ ಕಡೆ ಮಣೆ. ಅಷ್ಟು ದಿನ ಮೂಟೆ ಇಟ್ಟುಕೊಂಡು ಅಭ್ಯಾಸ ಮಾಡಿದ ನಾನು ಈ ಒಂದು ಮಾತು ಕೇಳಿರಲಿಲ್ಲ. ನಿಂತವಳಿಗೆ ಮಣೆಯ ಮೇಲಿನ ಮಗಳು ಕಾಣಬೇಕಾದರೆ ಕಣ್ಣು ಎಷ್ಟು ಇಳಿಯಬೇಕು!

ಬೀಗಿತ್ತಿಗೆ ವಿಷಯ ಗೊತ್ತಿತ್ತು. ದೊಡ್ಡ ಗಂಟಲಿನ ಹೆಂಗಸು, ಮನಸ್ಸೂ ದೊಡ್ಡದು. "ಅಕ್ಕಾ, ಕುರ್ಚಿ ತರಿಸ್ಲಾ? ಒಂದ್ನಿಮಿಷದ ಕೆಲ್ಸ."

"ಬ್ಯಾಡಿ. ನಿಮ್ಮ ಮನೆ ಪದ್ಧತಿ, ಹಂಗೇ ಆಗ್ಲಿ. ತಟ್ಟೆ ತನ್ನಿ."

ದೀಪ ಹಚ್ಚಿದರು. ಒಂದು ತುದಿ ಅವಳದು, ಇನ್ನೊಂದು ತುದಿ ಬೀಗಿತ್ತಿಯದು. ಹೆಂಗಸರ ನಡುವೆ ನಾನೊಬ್ಬ ಗಂಡಸು, ಅವಳ ಬೆನ್ನ ಹಿಂದೆ ಎರಡು ಕೈ ಚಾಚಿ, ಮುಟ್ಟದೆ ನಿಂತೆ. ಹಾಡು ಶುರುವಾಯಿತು. ಅವಳು ಒಂದು ಕಾಲು ಮುಂದಿಟ್ಟಳು. ಎದೆಯ ಮಟ್ಟದಲ್ಲಿ ತಟ್ಟೆ ಸಣ್ಣ ಸುತ್ತು ಸುತ್ತಿತು, ಮತ್ತೆ ಸುತ್ತಿತು. ತಟ್ಟೆ ಅಲುಗಲಿಲ್ಲ, ಅವಳೂ ಅಲುಗಲಿಲ್ಲ. ಆದರೆ ಮಗಳು ಕೆಳಗಿದ್ದಳು. ಕತ್ತೆತ್ತಿ ಅಮ್ಮನ ಕಣ್ಣನ್ನು ಹುಡುಕುತ್ತಿದ್ದಳು. ಅಮ್ಮನ ನೋಟ ಅವಳ ತಲೆಯ ಮೇಲೆ ಹಾದು ಎದುರಿನ ಗೋಡೆಗೆ ಹೋಗುತ್ತಿರಬೇಕು ಅಂತ ನನಗೆ ಮಗಳ ಮುಖದಲ್ಲೇ ತಿಳಿಯಿತು.

"ಬೀಗ್ರೇ, ನಿಧಾನಕ್ಕೆ ಇಳ್ಸಿ" ಅಂದಳು ನನ್ನ ಹೆಂಡತಿ. "ತೀರಾ ನಿಧಾನಕ್ಕೆ."

ತಟ್ಟೆ ಇಳಿಯತೊಡಗಿತು. ಇಬ್ಬರೂ ಮಂಡಿ ಮಡಿಸುತ್ತಾ ದೀಪವನ್ನು ಕೆಳಗೆ ತಂದರು. ನಾನು ಹಿಂದೆ ನಿಂತವನು, ನನಗೆ ಅವಳ ಕಣ್ಣು ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಮಗಳ ಮುಖ. ಆ ಮುಖ ಮೊದಲು ಕಾಯುತ್ತಿತ್ತು. ಆಮೇಲೆ ಹುಬ್ಬು ಮೇಲೆ ಹೋಯಿತು. ಆಮೇಲೆ ಬಾಯಿ ತೆರೆಯಿತು, ಅಳುವೋ ನಗುವೋ ಗೊತ್ತಾಗದ ಹಾಗೆ. ಅವಳು ಹಾಗಾದಾಗ ನನಗೆ ಅರ್ಥವಾಯಿತು, ದೀಪದ ಹಿಂದೆ ಕಣ್ಣು ಇಳಿದು ಬಂದಿದೆ ಅಂತ.

"ಕಾಣಿಸ್ದೆ ಕಣೇ" ಅಂದಳು ಹೆಂಡತಿ. ದೀಪ ಇನ್ನೂ ಕೆಳಗಿಳಿಯಿತು, ಹಸಿರು ಬಳೆಗಳ ಮೇಲೆ, ಹೊಟ್ಟೆಯ ಮೇಲೆ. "ಇವನೂ ಕಾಣಿಸ್ದ. ಇವಳೋ, ಯಾರೋ ಒಬ್ರು."

"ಅಮ್ಮಾ, ಸೀರೆ ಸುಡುತ್ತೆ! ಅಪ್ಪ ನೇಯ್ದಿದ್ದು! ಎತ್ತು!"

ಎಲ್ಲರೂ ಒಟ್ಟಿಗೆ ನಕ್ಕರು. ತಟ್ಟೆ ಮೇಲೆದ್ದಿತು. ಏಳುವ ರಭಸಕ್ಕೆ ಅವಳ ಬೆನ್ನು ನನ್ನ ಅಂಗೈಗೆ ಒಂದು ಗಳಿಗೆ ತಾಗಿತು. ನಾನು ಹಿಡಿಯಲಿಲ್ಲ. ಅವಳೇ ಒಂದು ಹೆಜ್ಜೆ ಹಿಂದಿಟ್ಟು ನಿಂತುಕೊಂಡಳು. ಬೀಗಿತ್ತಿ ತಟ್ಟೆ ತೆಗೆದುಕೊಂಡು, "ಬೀಗರು ಗೋಡೆ ನಿಂತಂಗೆ ನಿಂತಿದ್ರಲ್ಲ ಅಕ್ಕಾ" ಅಂದರು.

"ಈ ಗೋಡೆ ಮಾತ್ರ ಹಿಂದಕ್ಕೆ ಹೋಗಲ್ಲ" ಅಂದಳು ಅವಳು.

ಅವತ್ತು ಇಳಿದ ಕಣ್ಣು ದಿನಾ ಹಾಗೆ ಇಳಿಯುವುದಿಲ್ಲ. ಅದನ್ನು ಮುಚ್ಚಿಟ್ಟು ಬರೆದರೆ ಸುಳ್ಳಾಗುತ್ತದೆ. ದಾಯಾದಿ ತನ್ನ ಪಾಲು ಕೇಳುತ್ತಲೇ ಇದ್ದಾನೆ. ಅವಳ ಮಾತು ಈಗ ಮೊದಲಿಗಿಂತ ನಿಧಾನ, ತಮಾಷೆ ಮಾಡಿದರೆ ಕೊನೆಯ ಪದಕ್ಕೆ ನಾವು ಕಾಯಬೇಕು. ಕಾಯುತ್ತೇವೆ. ನಗು ಕಮ್ಮಿಯಾಗುವುದಿಲ್ಲ. ಮೊಮ್ಮಗಳು ಬಂದ ಮೇಲೆ ಅವಳನ್ನು ತೊಡೆಯ ಮೇಲೆ ಹಾಕಿದರೆ ಅಜ್ಜಿಗೆ ಕಾಣುವುದಿಲ್ಲ ಅಂತ, ಮಗಳು ಕೂಸನ್ನು ಎದೆಯೆತ್ತರಕ್ಕೆ ಹಿಡಿದುಕೊಂಡು ಎದುರಿಗೆ ನಿಲ್ಲುತ್ತಾಳೆ, ಆಮೇಲೆ ಮೆಲ್ಲಗೆ ಕೆಳಗಿಳಿಸುತ್ತಾಳೆ. ಕೂಸು ಇದನ್ನು ಆಟ ಅಂದುಕೊಂಡು ಕೇಕೆ ಹಾಕುತ್ತದೆ. ಅಜ್ಜಿ ಎಲ್ಲಿಯ ತನಕ ಬರಲು ಸಾಧ್ಯವೋ ಅಲ್ಲಿಯ ತನಕ ಅದರ ಹಿಂದೆ ಬರುತ್ತಾಳೆ. ಫಿಸಿಯೋ ಹುಡುಗಿ ನೋಡಿ, ಇನ್ನು ನನಗಿಲ್ಲೇನು ಕೆಲಸ ಅಂದಳು. ಆದರೂ ವಾರಕ್ಕೊಮ್ಮೆ ಬರುತ್ತಾಳೆ, ಮುದ್ದೆ ಊಟ ಮಾಡಿಕೊಂಡು ಹೋಗುತ್ತಾಳೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಮಗ್ಗ ನಾಲ್ಕು, ಅದರಲ್ಲಿ ಓಡುವುದು ಮೂರು. ಸ್ವಂತ ಮನೆ ಒಂದು. ಮಗಳು ಒಬ್ಬಳು, ಅಳಿಯ ಒಬ್ಬ, ಮೊಮ್ಮಗಳು ಒಬ್ಬಳು. ಗೆಳೆಯ ಒಬ್ಬ. ಹೆಂಡತಿ ಒಬ್ಬಳು, ಮಗ್ಗದ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಲಾಳಿ ಓಡುವುದನ್ನು ನೋಡುತ್ತಾ ಕೂತಿದ್ದಾಳೆ.